ಕಾಲುವೆಯ ತಳದಲ್ಲೊಂದು ಕಡಲ ತಂತಿ

ಮೊನ್ನೆ ರವಿಕೆಗೆ ಹುಕ್ಕು ಹುಡುಕಲು ಗುಂಡಿಗಳ ಡಬ್ಬಿಯನ್ನು ಚಾಪೆಯ ಮೇಲೆ ಸುರಿದೆ. ಹುಕ್ಕು ಸಿಗಲಿಲ್ಲ. ಬೆರಳುದ್ದದ ಒಂದು ವೈರಿನ ತುಂಡು ಸಿಕ್ಕಿತು. ನಡುವೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿ, ಪಂಚರಿನ ಸೊಲ್ಯೂಷನ್ ಬಳಿದು, ಮೇಲೆ ದಾರ ಬಿಗಿದ ಗಂಟು. ಒಂದು ಕಡೆ ರಬ್ಬರು ಬಿರಿದು ಒಳಗಿನ ತಾಮ್ರ ಹಸಿರುಗಟ್ಟಿದೆ. ಸೊಸೆ ಅದನ್ನು ಎತ್ತಿಕೊಂಡು, ಇದನ್ನು ಒಗೆಯಲೇ ಎಂದು ಕೇಳಿದಳು. ನಾನು ಅವಳ ಕೈಯಿಂದ ಕಿತ್ತುಕೊಂಡ ರಭಸಕ್ಕೆ, ಒಳಗೆ ಬಂಗಾರವೇನಾದರೂ ಇದೆಯೋ ಎಂದು ಆ ಹುಡುಗಿ ಇನ್ನೊಮ್ಮೆ ಬಗ್ಗಿ ನೋಡಿತು.

ಬಂಗಾರವೇನೂ ಅಲ್ಲ. ಆದರೆ ಅದನ್ನು ಕೈಯಲ್ಲಿ ಹಿಡಿದರೆ ನನಗೆ ಇವತ್ತಿಗೂ ಕೂತಲ್ಲಿ ಕೂರಲಾಗುವುದಿಲ್ಲ. ಮನೆಯವರೆಲ್ಲ ಈ ಕಥೆ ಕೇಳಿ ಕೇಳಿ ಸುಸ್ತಾಗಿ, ನಾನು ಬಾಯಿ ತೆರೆದರೆ ಸಾಕು, ಒಬ್ಬೊಬ್ಬರೇ ನೀರು ಕುಡಿಯುವ ನೆವದಲ್ಲಿ ಎದ್ದು ಹೋಗುತ್ತಾರೆ. ಈಗ ನೀವು ಸಿಕ್ಕಿದ್ದೀರಿ. ಬಿಡುವವಳಲ್ಲ ನಾನು.

ಹುಚ್ಚು ಹತ್ತಿದ್ದು ಚಿಕ್ಕಂದಿನಲ್ಲೇ. ನಾನು ಬಳಿಚಕ್ರದವಳು. ಬೇಸಿಗೆ ರಜೆ ಬಂತೆಂದರೆ ಯಾದಗಿರಿಯ ದೊಡ್ಡಪ್ಪನ ಮನೆ. ದೊಡ್ಡಪ್ಪ ರೇಲ್ವೆ ಸ್ಟೇಷನ್ನಿನಲ್ಲಿ ತಾರಿನ ಬಾಬು. ಅವರ ಮೇಜಿನ ಕೆಳಗೆ ಕೂತು, ಮೇಲೆ ಹಿತ್ತಾಳೆಯ ಯಂತ್ರ ಕಟ್ಟಕಡ ಕಟ್ಟಕಡ ಎನ್ನುವುದನ್ನು ಕೇಳುವುದೇ ನನ್ನ ರಜೆ. ಸದ್ದು ಜೋರಾಗಿ ಕೇಳಲೆಂದು ಅವರು ತಂಬಾಕಿನ ಖಾಲಿ ಡಬ್ಬಿಯೊಂದನ್ನು ಅದರ ಹಿಂದೆ ಸಿಕ್ಕಿಸಿದ್ದರು. ತಂತಿಯ ಒಳಗೆ ಅಕ್ಷರಗಳು ಸಾಲಾಗಿ ಓಡುತ್ತವೆ ಎಂದು ನಾನು ನಂಬಿದ್ದೆ. ಮಳೆ ಬಂದು ನಿಂತ ಮೇಲೆ ತಾರಿನ ಕಂಬದ ಕೆಳಗೆ ಹೋಗಿ, ಅಕ್ಷರಗಳೇನಾದರೂ ಸೋರಿ ಬಿದ್ದಿವೆಯೇ ಎಂದು ಕೆಸರಿನಲ್ಲಿ ಹುಡುಕುತ್ತಿದ್ದೆ. ನಗಬೇಡಿ, ಒಮ್ಮೆ ನನಗೆ 'ಠ' ಸಿಕ್ಕಿತ್ತು. ಅದು ಎಮ್ಮೆಯ ಗೊರಸಿನ ಗುರುತು ಎಂದು ದೊಡ್ಡಮ್ಮ ಹೇಳಿದರು.

ಒಂದು ದಿನ ದೊಡ್ಡಪ್ಪ, ಈ ತಾರು ಮುಂಬಯಿಗೆ ಹೋಗಿ ಅಲ್ಲಿಂದ ಸಮುದ್ರದ ಬುಡದಲ್ಲೇ ವಿಲಾಯತಿಗೆ ಹೋಗುತ್ತದೆ ಎಂದರು. ಸಮುದ್ರದ ಬುಡದಲ್ಲೇ! ಹಾಗಾದರೆ ತೋಯುವುದಿಲ್ಲವೇ ಎಂದು ಕೇಳಿದೆ. ಅವರು ಮೀಸೆ ತಿರುವಿದರು. ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಆ ಒಂದು ಪ್ರಶ್ನೆಯ ಬೆನ್ನು ಹತ್ತಿ ನಾನು ವಿಜ್ಞಾನ ಓದಿದೆ, ಸುರಪುರದಲ್ಲಿ ಹಳೆಯ ಪುಸ್ತಕಗಳ ರಾಶಿಯೊಳಗೆ ಮುಖಪುಟವಿಲ್ಲದ ಒಂದು ಪುಸ್ತಕ ಹಿಡಿದು ಮೂರು ದಿನ ಊಟ ಮರೆತೆ.

ಎಂಥ ಕಥೆ ಅದು ಅಂತೀರಿ! ಮಲಯದ ಕಾಡಿನ ಯಾವುದೋ ಮರದ ಹಾಲು. ಬಿಸಿನೀರಿನಲ್ಲಿ ಹಾಕಿದರೆ ಹಿಟ್ಟಿನಂತೆ ಮೆತ್ತಗಾಗುತ್ತದೆ, ತಣ್ಣಗಾದರೆ ಚರ್ಮದಂತೆ ಗಟ್ಟಿ. ಅದನ್ನು ತಾಮ್ರದ ತಂತಿಗೆ ಮೆತ್ತಿದರು, ನೀರು ಒಳಗೆ ಬರಲಿಲ್ಲ. ಇಷ್ಟೇ ಗುಟ್ಟು. ಮೊದಲು ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಕಿರಿದಾದ ಕಡಲಿನಲ್ಲಿ ಇಳಿಬಿಟ್ಟರು. ಮರುದಿನವೇ ಒಬ್ಬ ಮೀನುಗಾರನ ಬಲೆಗೆ ಅದು ಸಿಕ್ಕಿತು. ಇದು ಯಾವುದೋ ಹೊಸ ಸಮುದ್ರದ ಬಳ್ಳಿ, ಒಳಗೆ ಬಂಗಾರವಿದೆ ಎಂದುಕೊಂಡು ಆ ಪುಣ್ಯಾತ್ಮ ಒಂದು ತುಂಡು ಕತ್ತರಿಸಿಕೊಂಡು ಹೋದ ಎಂದು ಹೇಳುತ್ತಾರೆ. ಆಮೇಲೆ ಅಮೆರಿಕಕ್ಕೆ ಹಾಕಲು ಹೊರಟರು. ಎರಡು ಹಡಗು ಅರ್ಧ ಅರ್ಧ ತಂತಿ ಹೊತ್ತು ನಟ್ಟನಡು ಸಾಗರದಲ್ಲಿ ಸೇರಿ, ಎರಡು ತುದಿ ಗಂಟು ಹಾಕಿ, ಒಂದು ಆ ಕಡೆ ಒಂದು ಈ ಕಡೆ ಹೊರಟವು. ಹರಿಯಿತು. ಮತ್ತೆ ಸೇರಿದವು. ಮತ್ತೆ ಹರಿಯಿತು. ಕೊನೆಗೊಮ್ಮೆ ದಡ ಮುಟ್ಟಿತು. ಇಂಗ್ಲೆಂಡಿನ ರಾಣಿಯವರ ನೂರು ಪದಕ್ಕೂ ಕಡಿಮೆಯಿದ್ದ ಶುಭಾಶಯ ದಾಟಲು ಹದಿನಾರು ತಾಸು ಹಿಡಿಯಿತಂತೆ. ಆದರೂ ನ್ಯೂಯಾರ್ಕಿನ ಜನ ಹಬ್ಬ ಮಾಡಿ ಪಟಾಕಿ ಸುಟ್ಟು ತಮ್ಮದೇ ಪುರಭವನದ ತಲೆಗೆ ಬೆಂಕಿ ಹಚ್ಚಿಕೊಂಡರು.

ಇನ್ನು ಮುಂದಿನದೇ ಮುಖ್ಯ, ಕಿವಿಗೊಟ್ಟು ಕೇಳಿ. ತಂತಿಯಲ್ಲಿ ಸದ್ದು ಕ್ಷೀಣವಾಗುತ್ತ ಬಂತು. ಅದನ್ನು ನೋಡಿಕೊಳ್ಳುತ್ತಿದ್ದವನು ಮೂಲತಃ ವೈದ್ಯ, ವಿದ್ಯುತ್ತು ಕಲಿತದ್ದು ಸ್ವಂತ ಉತ್ಸಾಹದಿಂದ. ಜೋರು ಕೊಟ್ಟರೆ ಹೋಗುತ್ತದೆ ಎಂದು ಅವನು ಆಳೆತ್ತರದ ಸುರುಳಿಗಳಿಂದ ಭಾರಿ ವೋಲ್ಟೇಜು ತುರುಕಿದ. ಎಲ್ಲೋ ತೆಳುವಾಗಿದ್ದ ಹೊದಿಕೆ ಬಾಯಿ ಬಿಟ್ಟಿತು, ಕೆಲವೇ ವಾರಗಳಲ್ಲಿ ತಂತಿ ಸತ್ತಿತು. ಇನ್ನೊಬ್ಬ ಪಂಡಿತ ಮೊದಲಿನಿಂದಲೂ ಹೇಳುತ್ತಿದ್ದ: ಜೋರಾಗಿ ಕೂಗಬೇಡಿ, ಸೂಕ್ಷ್ಮವಾಗಿ ಕೇಳಿ. ಅವನು ಕಾಳಿನಷ್ಟು ಹಗುರ ಕನ್ನಡಿಯೊಂದಕ್ಕೆ ಅಯಸ್ಕಾಂತ ಅಂಟಿಸಿ ರೇಷ್ಮೆ ಎಳೆಯಲ್ಲಿ ತೂಗುಬಿಟ್ಟಿದ್ದ. ಸಾಗರದಾಚೆಯಿಂದ ಬಂದ ಬಡ ವಿದ್ಯುತ್ತಿಗೆ ಆ ಕನ್ನಡಿ ಅಲುಗಿ, ಗೋಡೆಯ ಮೇಲಿನ ಬೆಳಕಿನ ಚುಕ್ಕೆ ಎಡಕ್ಕೋ ಬಲಕ್ಕೋ ಸರಿಯುತ್ತಿತ್ತು. ಗೆದ್ದದ್ದು ಆ ಚುಕ್ಕೆ.

ಈ ಕಥೆಯನ್ನು ನಾನು ಪ್ರತಿ ವರ್ಷ ಸಾಲೆಯ ಮಕ್ಕಳಿಗೆ ಹೇಳಿದೆ, ಮದುವೆಯಾದ ಹೊಸದರಲ್ಲಿ ಗಂಡನಿಗೆ ಹೇಳಿದೆ, ಹಪ್ಪಳ ಒತ್ತುವಾಗ ಅತ್ತೆಗೆ ಹೇಳಿದೆ. ವೋಲ್ಟೇಜು ತುರುಕಿದ ವೈದ್ಯನ ಭಾಗ ಬಂದಾಗ ನಾನು ನಗುತ್ತಿದ್ದ ರೀತಿ ನೆನೆದರೆ ಈಗ ನಾಚಿಕೆಯಾಗುತ್ತದೆ. ಯಾಕೆಂಬುದು ಬರುತ್ತದೆ.

ನಾನು ಆಗ ದೋರನಹಳ್ಳಿ ಕಡೆಯ ಒಂದು ಊರಿನಲ್ಲಿ ಹೈಸ್ಕೂಲು ಮಾಸ್ತರಿಣಿ. ಕೃಷ್ಣೆಯ ನೀರು ಕಾಲುವೆಯಲ್ಲಿ ಹರಿದು ಬಂದ ಹೊಸತು. ಹೊಲದ ಬಣ್ಣ ಬದಲಾಯಿತು, ಜನರ ನಡಿಗೆ ಬದಲಾಯಿತು, ಆದರೆ ಊರಿನ ನೆಲ ಮಾತ್ರ ನಡುವೆ ಸೀಳಿ ಎರಡಾಯಿತು. ಆ ದಡಕ್ಕೆ ಹೋಗಬೇಕೆಂದರೆ ಸೇತುವೆ ಎರಡು ಮೈಲಿ ಮೇಲೆ. ನಮ್ಮ ಮನೆ ಈ ಏರಿಯ ಕೆಳಗೆ. ಪಕ್ಕದಲ್ಲೇ ಮಹಿಬೂಬನ ಮೋಟರ್ ವೈಂಡಿಂಗ್ ಅಂಗಡಿ. ಅವನ ಮನೆ ಮಾತ್ರ ಆ ದಡದ ಹೊಲದಲ್ಲಿ ಉಳಿದುಬಿಟ್ಟಿತ್ತು. ಅಂಗಡಿಯಲ್ಲಿ ನಿಂತು ಕಲ್ಲು ಬೀಸಿದರೆ ಬೀಳುವಷ್ಟು ಹತ್ತಿರದ ಮನೆಗೆ ಆತ ದಿನಾ ನಾಲ್ಕು ಮೈಲಿ ಸೈಕಲ್ ತುಳಿಯುತ್ತಿದ್ದ.

ಮಹಿಬೂಬನ ಅಂಗಡಿಗೆ ಬರುವ ಮೋಟರುಗಳದ್ದೆಲ್ಲ ಒಂದೇ ರೋಗ, ಲೋ ವೋಲ್ಟೇಜ್. ಕರೆಂಟು ಬಡಕಲಾಗಿ ಬಂದು ಮೋಟರು ತಿರುಗಲಾರದೆ ಒಳಗೇ ಸುಟ್ಟುಕೊಳ್ಳುತ್ತಿದ್ದವು. ಹಾಗಾಗಿ ನಮ್ಮೂರಲ್ಲಿ ಯಾವುದು ಕೆಟ್ಟರೂ ಅದೇ ಮಾತು. ದೀಪ ಮಂಕಾದರೆ ಲೋ ವೋಲ್ಟೇಜ್, ಟೇಪ್ ರೆಕಾರ್ಡರು ಎಳೆದು ಹಾಡಿದರೆ ಲೋ ವೋಲ್ಟೇಜ್, ಮದುಮಗ ಸಪ್ಪಗೆ ಕೂತಿದ್ದರೂ ಲೋ ವೋಲ್ಟೇಜ್. ಮನೆಮನೆಗೂ ಒಂದು ಬೂಸ್ಟರು, ಏನೇ ಆಗಲಿ ಅದರ ಕಿವಿ ಹಿಂಡು. ಸಂಜೆ ಸಾಲೆ ಬಿಟ್ಟ ಮೇಲೆ ನಾನು ಅವನ ಅಂಗಡಿಯ ಬೆಂಚಿನ ಮೇಲೆ ಕೂತು ಕಡಲ ತಂತಿಯ ಕಥೆ ಹೇಳುವುದು, ಅವನು ತಾಮ್ರದ ಎಳೆ ಸುತ್ತುತ್ತ ಕೇಳುವುದು. ಎದ್ದು ಹೋಗದೆ ಪೂರ್ತಿ ಕೇಳಿದ ಮೊದಲ ಮನುಷ್ಯ ಅವನೇ.

ಅವನ ಹೆಂಡತಿ ರಬಿಯಾ ಆಗ ಏಳು ತಿಂಗಳ ಬಸುರಿ. ಹಿಂದೆ ಎರಡು ಸಲ ಕೂಸು ಉಳಿದಿರಲಿಲ್ಲ. ಎರಡೂ ಸಲ ಕೊಂಕಲ್ಲಿನ ತವರಿನಲ್ಲೇ ಹೋಗಿದ್ದವು. ಈ ಸಲ ಅವಳು ತವರಿನ ಮೆಟ್ಟಿಲು ತುಳಿಯುವುದಿಲ್ಲ ಎಂದು ಹಟ ಹಿಡಿದಳು. ನೋವು ಕಾಣಿಸಿಕೊಂಡ ತಕ್ಷಣ ಕರೆತರಬೇಕು, ತಡಮಾಡಿದರೆ ನಾನು ಜವಾಬ್ದಾರಳಲ್ಲ ಎಂದು ಶಹಾಪುರದ ದವಾಖಾನೆಯ ಡಾಕ್ಟರಮ್ಮ ಬೆರಳು ತೋರಿಸಿ ಹೇಳಿದ್ದರು. ರಾತ್ರಿ ಮಹಿಬೂಬ ಮನೆಯಲ್ಲಿರುತ್ತಾನೆ. ಚಿಂತೆ ಹಗಲಿನದು. ನಮ್ಮ ಮನೆಯಲ್ಲೇ ಬಂದಿರು ಎಂದು ನಾನು ಕರೆದೆ. ಅವಳ ಎಮ್ಮೆ ಬೇರೆ ಯಾರನ್ನೂ ಕೆಚ್ಚಲು ಮುಟ್ಟಗೊಡುತ್ತಿರಲಿಲ್ಲವಂತೆ. ಎಮ್ಮೆಯನ್ನೂ ಕರೆದುಕೊಂಡು ಬಾ ಎಂದರೆ, ಅದಕ್ಕೆ ನಮ್ಮ ಅತ್ತೆಯನ್ನು ಕಂಡರೆ ಆಗುವುದಿಲ್ಲ ಎಂದಳು. ಅದು ನಿಜವೇ.

ಒಂದು ಸಂಜೆ ಮಹಿಬೂಬ ಸುತ್ತುತ್ತಿದ್ದ ಕೈ ನಿಲ್ಲಿಸಿದ. "ಅಕ್ಕೋರೆ, ಅಷ್ಟ್ ದೊಡ್ಡ ಸಮುದ್ರದಾಗ ಆಗಿದ್ದು ನಮ್ಮ ಕೆನಾಲದಾಗ ಆಗಂಗಿಲ್ಲೇನ್ರಿ?"

ನಿಮಗೆ ಹೇಗೆ ಹೇಳಲಿ! ದೊಡ್ಡಪ್ಪನ ಮೇಜಿನ ಕೆಳಗಿನಿಂದ ಹಿಡಿದು ಅಲ್ಲಿಯ ತನಕ ನಾನು ಈ ಮಾತಿಗೇ ಕಾಯುತ್ತಿದ್ದೆ ಅನ್ನಿಸಿತು. ನನ್ನ ಗಂಡ, ಒಂದು ಗಳಕ್ಕೆ ಕೆಂಪು ಬಟ್ಟೆ ಕಟ್ಟಿ ಎತ್ತಿದರೆ ಸಾಲದೇ ಎಂದರು. ಎರಡೂ ಏರಿಗಳು ಮನೆಯ ಮಾಳಿಗೆಗಿಂತ ಎತ್ತರ, ಮೇಲೆ ಜಾಲಿ ಕಂಟಿ ಬೇರೆ. ನೋವು ತಿನ್ನುವ ಹೆಂಗಸು ಏರಿ ಹತ್ತಿ ಬಟ್ಟೆ ಬೀಸುತ್ತಾಳೆಯೇ? ಅವರ ಸಲಹೆ ಅಲ್ಲಿಗೆ ಬಿತ್ತು. ಕಾಲುವೆಯ ಕಾವಲಿನವನನ್ನು ಕೇಳಿದೆವು. ನೀರಿನ ಮೇಲೆ ಏನೂ ಕಟ್ಟಬಾರದು ಎಂದು ತನಗೆ ಹೇಳಿದ್ದಾರೆ, ಬುಡದ ಬಗ್ಗೆ ಯಾರೂ ಏನೂ ಹೇಳಿಲ್ಲ ಎಂದು ಅವನು ಬೇರೆ ಕಡೆ ನೋಡಿದ.

ಮಲಯದ ಮರ ನಮಗೆಲ್ಲಿ ಸಿಗಬೇಕು? ವೈರು ಸುರಪುರದ ಮೈಕಿನವನ ಹತ್ತಿರ ಒಂದಷ್ಟು, ಯಾದಗಿರಿಯ ಗುಜರಿಯಲ್ಲಿ ಒಂದಷ್ಟು, ಹಳೆ ಮೋಟರುಗಳದ್ದು ಒಂದಷ್ಟು. ತುಂಡು ತುಂಡು. ಜೋಡಿಸಿದ್ದು ಜೀಪಿನ ಭೀಮಣ್ಣ. ಶಹಾಪುರಕ್ಕೆ ಜನರನ್ನು ಒಯ್ಯುತ್ತಿದ್ದ ಅವನ ಜೀಪು ದಿನಕ್ಕೊಮ್ಮೆ ಪಂಚರಾಗುತ್ತಿದ್ದುದರಿಂದ ಟ್ಯೂಬಿನ ರಬ್ಬರಿನ ಕೆಲಸದಲ್ಲಿ ಅವನ ಕೈ ಪಳಗಿತ್ತು. ಪ್ರತಿ ಗಂಟಿಗೂ ರಬ್ಬರು ಸುತ್ತಿ ಸೊಲ್ಯೂಷನ್ ಬಳಿದು, ನಮ್ಮ ಮನೆಯ ಬಾನಿಯಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ನೋಡುತ್ತಿದ್ದ. ಗುಳ್ಳೆ ಬಾರದಿದ್ದರೆ ಪಾಸು. ವೈರಿನಲ್ಲಿ ಗಾಳಿ ತುಂಬಿರುವುದಿಲ್ಲವಲ್ಲ, ಗುಳ್ಳೆ ಹೇಗೆ ಬರಬೇಕು ಎಂದು ವಿಜ್ಞಾನದ ಅಕ್ಕೋರಿಗೂ ಹೊಳೆಯಲಿಲ್ಲ ನೋಡಿ. ಹದಿನೇಳು ಗಂಟು, ಹದಿನೇಳೂ ಪಾಸು.

ಒಂದು ಆದಿತ್ಯವಾರ ಬೆಳಿಗ್ಗೆ ತಂತಿ ಇಳಿಸಿದೆವು. ಕಡಲಿನಲ್ಲಿ ಕೊನೆಗೆ ತಂತಿ ಹಾಕಲು ಆ ಕಾಲಕ್ಕೇ ದೊಡ್ಡದೆನಿಸಿದ ಹಡಗು ಬೇಕಾಯಿತಂತೆ, ನಮ್ಮ ಹಡಗು ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬು. ಭೀಮಣ್ಣ ಅದರ ಮೇಲೆ ಪದ್ಮಾಸನ ಹಾಕಿ, ತೊಡೆಯ ಮೇಲೆ ಸುರುಳಿ ಇಟ್ಟುಕೊಂಡು, ಗೇಣು ಗೇಣಿಗೂ ಕಲ್ಲು ಕಟ್ಟಿದ ವೈರನ್ನು ಬಿಡುತ್ತ ಹೊರಟ. ಸೊಂಟಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ಆ ದಡದಲ್ಲಿ ಮಹಿಬೂಬನ ಕೈಯಲ್ಲಿ. ಏರಿಯ ಮೇಲೆ ಅರ್ಧ ಊರು. ನಡುನೀರಿನಲ್ಲಿ ಸೆಳವು ಹಿಡಿಯಿತು, ತಂತಿ ಬಿಲ್ಲಿನಂತೆ ಬಾಗಿತು, ನಾವು ಲೆಕ್ಕ ಹಾಕಿದ್ದಕ್ಕಿಂತ ಬೇಗ ಸುರುಳಿ ಕರಗಿತು. ಆ ದಡ ಮುಟ್ಟಿಸಲು ಎಳೆದೆಳೆದು ನಮ್ಮ ದಡದ ತುದಿ ಅಂಗಡಿಗೆ ಹತ್ತು ಮಾರು ಕಮ್ಮಿಯಾಯಿತು! ಪುಸ್ತಕದಲ್ಲಿ ಓದಿದ್ದೆ, ಕಡಲಿನಲ್ಲೂ ಹೀಗೇ ಆಗುತ್ತಿತ್ತು. ಆದರೆ ಕಡಲಿನವರಿಗೆ ನಮ್ಮ ಅತ್ತೆ ಇರಲಿಲ್ಲ. ಅವರು ಮನೆಗೆ ಹೋಗಿ, ಹಸಿ ಬಟ್ಟೆಗಳನ್ನು ಬೇಲಿಯ ಮೇಲೆ ಒಗೆದು, ಬಟ್ಟೆ ಒಣಹಾಕುವ ವೈರನ್ನೇ ಬಿಚ್ಚಿಕೊಂಡು ಬಂದರು.

ಸಾಲೆಯಲ್ಲಿ ಕೆಟ್ಟು ಬಿದ್ದಿದ್ದ ಬೆಲ್ಲನ್ನು ಮಹಿಬೂಬ ರಿಪೇರಿ ಮಾಡಿ ಅಂಗಡಿಯ ಗೋಡೆಗೆ ಹೊಡೆದಿದ್ದ. ಪಕ್ಕದಲ್ಲೇ ನಾಲ್ಕು ಟಾರ್ಚಿನ ಸೆಲ್ಲು. ಕರೆಂಟು ಮರಳುವ ದಾರಿಗೆ ಎರಡೂ ದಡದ ಹಸಿ ಮಣ್ಣಿನಲ್ಲಿ ಒಂದೊಂದು ಕಬ್ಬಿಣದ ಸರಳು. ಆ ದಡದಲ್ಲಿ ರಬಿಯಾಳ ಹಾಸಿಗೆಯ ಪಕ್ಕ ಒಂದು ಬಟನ್ನು. ಅವಳು ಒತ್ತಿದಳು. ಇಲ್ಲಿ ಬೆಲ್ಲು ಟಿರ್ರ್ ಎಂದಿತು! ನೀರಿನ ಕೆಳಗಿನಿಂದ! ನಾನು ಚಪ್ಪಾಳೆ ತಟ್ಟುತ್ತ ಚಪ್ಪಲಿ ಇಲ್ಲದೆ ಬಿಸಿಲಿನಲ್ಲಿ ನಿಂತಿದ್ದೇನೆ ಎಂಬುದೂ ಗೊತ್ತಾಗಲಿಲ್ಲ. ಭೀಮಣ್ಣ ಒದ್ದೆ ಮೈಯಲ್ಲೇ ಊರಿಗೆಲ್ಲ ಸಕ್ಕರೆ ಹಂಚಿದ.

ನಾಲ್ಕು ದಿನ ಟಿರ್ರ್. ಐದನೆಯ ದಿನ ಟಿಕ್. ಆರನೆಯ ದಿನ ಬೆಲ್ಲಿನ ಸುತ್ತಿಗೆ ಸುಮ್ಮನೆ ನಡುಗಿತು. ಮಹಿಬೂಬ ಅದನ್ನು ನೋಡಿ ಹೇಳಿದ್ದು ಏನು ಗೊತ್ತೇ? ಗೊತ್ತಿರಲೇಬೇಕು. ಲೋ ವೋಲ್ಟೇಜ್. ಟ್ರ್ಯಾಕ್ಟರಿನ ಬ್ಯಾಟರಿ ತಂದು ಜೋಡಿಸಿದ. ಟಿರ್ರ್ ಎಂದಿತು. ಎರಡು ದಿನ ಬಿಟ್ಟು ಮತ್ತೆ ಟಿಕ್. ಇನ್ನೊಂದು ಬ್ಯಾಟರಿ ಹಚ್ಚಲೇ ಎಂದು ನನ್ನನ್ನು ಕೇಳಿದ. ಆ ವೈದ್ಯನ ಕಥೆಯನ್ನು ಊರಿಗೆಲ್ಲ ಹೇಳಿ ನಕ್ಕವಳು ನಾನು. ಆಗ ಏನು ಹೇಳಿದೆ? "ಹಚ್ಚಪ್ಪ, ಜೋರು ಬರ್ಲಿ" ಅಂದೆ!

ಎರಡನೆಯ ಬ್ಯಾಟರಿ ಹಚ್ಚಿದ ಮೂರನೆಯ ದಿನ ಸಾಲೆಗೆ ರಜೆ. ಬೆಳಗಿನ ಹನ್ನೊಂದರ ಸುಮಾರಿಗೆ ಬೆಲ್ಲು ಹೊಡೆಯತೊಡಗಿತು. ನಿಲ್ಲಲೇ ಇಲ್ಲ. ಇನ್ನೂ ಎಂಟನೆಯ ತಿಂಗಳು! ಭೀಮಣ್ಣ ಜೀಪಿನಲ್ಲಿ ಕೂತಿದ್ದವರನ್ನು ಇಳಿಸಿ, ನಮ್ಮನ್ನು ಹತ್ತಿಸಿಕೊಂಡು, ಸೇತುವೆ ಸುತ್ತಿ ಗಾಳಿಯಂತೆ ಹೊಡೆದ. ಮಹಿಬೂಬನ ತುಟಿ ಏನೋ ಪಠಿಸುತ್ತಿತ್ತು. ಹೋಗಿ ನೋಡಿದರೆ ರಬಿಯಾ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾಳೆ. ಬಟನ್ನು ಮುಟ್ಟಿಯೇ ಇಲ್ಲ. ಹಸಿ ಗಂಟುಗಳೊಳಗಿಂದ ಕರೆಂಟು ನೀರಿನಲ್ಲೇ ದಾಟಿ ಬೆಲ್ಲು ತಾನಾಗಿ ಹೊಡೆದುಕೊಂಡಿತ್ತು. ಎಲ್ಲರಿಗೂ ನಗು ಬಂತು. ಅವಳು ನಗಲಿಲ್ಲ. ರೊಟ್ಟಿಯ ಹಿಟ್ಟಿನ ಕೈಯನ್ನೇ ಬಟನ್ನಿನ ಮೇಲಿಟ್ಟು, ನಾನು ಒತ್ತುತ್ತ ಬಿಡುತ್ತ ಇರುತ್ತೇನೆ, ಅಲ್ಲಿ ಹೊಡೆಯುತ್ತದೆಯೇ ನೋಡಿ ಬಾ ಎಂದು ಭೀಮಣ್ಣನಿಗೆ ಹೇಳಿದಳು. ಭೀಮಣ್ಣ ಮರಳಿ ಹೋಗಿ ನೋಡಿ ಬಂದ. ಅಷ್ಟರಲ್ಲಿ ಬೆಲ್ಲು ಪೂರ್ತಿ ಸುಮ್ಮನಾಗಿತ್ತು. ಒತ್ತಿದರೂ ಇಲ್ಲ, ಬಿಟ್ಟರೂ ಇಲ್ಲ.

ಆಗ ರಬಿಯಾ ನನ್ನನ್ನು ಒಳಗೆ ಕರೆದಳು. "ಅಕ್ಕೋರೆ, ಹೋದ ಸಲ ಕೊಂಕಲ್‌ದಾಗ ಎಲ್ಲಾರೂ ಹೊಲಕ್ಕ ಹೋಗಿದ್ರು. ನಾ ಮುಂಜಾನಿಂದ ಮಧ್ಯಾನದ ತನಕ ಒದರಿದೆ. ಒಬ್ರಿಗೂ ಕೇಳಿಸಲಿಲ್ಲ. ನನಗ ನೋವಿಂದು ಅಂಜಿಕಿ ಇಲ್ಲ. ಒದರಿದ್ದು ಯಾರಿಗೂ ಕೇಳಿಸಲಿಲ್ಲಂದ್ರ ಏನ್ ಮಾಡ್ಲಿ, ಅದೊಂದೇ ಅಂಜಿಕಿ."

ಅಲ್ಲಿಯ ತನಕ ನನಗೆ ಇದು ಪುಸ್ತಕದ ಪುಟವೊಂದನ್ನು ನೀರಿನಲ್ಲಿ ಆಡುವ ಆಟವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮರುದಿನವೇ ತಂತಿ ಎತ್ತಿದೆವು. ಕಡಲಿನವರು ಎರಡು ಮೈಲಿ ಆಳದಿಂದ ಕೊಕ್ಕೆ ಹಾಕಿ ಕಳೆದುಹೋದ ತಂತಿಯನ್ನು ಎತ್ತಿದ್ದರು. ನಾವು ಅತ್ತೆಯ ಪಾತಾಳಗರಡಿ ಹಾಕಿದೆವು. ಬಾವಿಗೆ ಬಿದ್ದ ಕೊಡ ಎತ್ತುವ ಆ ಕೊಕ್ಕೆಗಳ ಗೊಂಚಲು ಮೂರನೇ ಎಸೆತಕ್ಕೇ ತಂತಿಯನ್ನು ಹಿಡಿದು ತಂದಿತು. ಗಂಟು ಬಿಚ್ಚಿ ನೋಡಿದರೆ ರಬ್ಬರು ಬಿರಿದು ತಾಮ್ರ ಹಸಿರಾಗಿ, ಮುಟ್ಟಿದರೆ ಪುಡಿ. ಸೋರುವ ಕಡೆಯಲ್ಲಿ ನಮ್ಮ ಎರಡು ಬ್ಯಾಟರಿ ಹಗಲೂ ರಾತ್ರಿ ಅದನ್ನು ತಿಂದು ಹಾಕಿದ್ದವು. ಮಹಿಬೂಬ ಗಂಟನ್ನು ಕೈಯಲ್ಲಿ ಹೊರಳಿಸಿ ನೋಡಿದ. "ಅಕ್ಕೋರೆ, ಆ ಡಾಕ್ಟರ್ ಅಂದ್ರ ನಾವೇ ಏನ್ರಿ?" ಎಂದು ಕೇಳಿದ. ಹೌದಪ್ಪ ಎಂದೆ. ಅವನಾದರೂ ಒಬ್ಬನೇ ಇದ್ದ, ನಾವು ಇಬ್ಬರು.

ಎರಡನೆಯ ಸಲ ಬೇರೆಯೇ ಮಾಡಿದೆವು. ಉದ್ದುದ್ದ ತುಂಡುಗಳನ್ನೇ ಆರಿಸಿ ಗಂಟುಗಳನ್ನು ಐದಕ್ಕೆ ಇಳಿಸಿದೆವು. ಪ್ರತಿ ಗಂಟಿಗೂ ಮಹಿಬೂಬ ಮೋಟರಿನ ವಾರ್ನಿಶ್ ಮೂರು ಸಲ ಹಚ್ಚಿ ಬಿಸಿಲಿಗೆ ಒಣಗಿಸಿ, ಆಮೇಲೆ ರಬ್ಬರು ಸುತ್ತಿಸಿದ. ಬ್ಯಾಟರಿಗಳನ್ನು ಟ್ರ್ಯಾಕ್ಟರಿಗೆ ವಾಪಸು ಕಳಿಸಿದೆವು. ಒಂದೇ ಒಂದು ಟಾರ್ಚಿನ ಸೆಲ್ಲು, ಅದೂ ರಬಿಯಾಳ ಹತ್ತಿರವೇ. ಅವಳು ಒತ್ತಿದಾಗ ಮಾತ್ರ ತಂತಿಗೆ ಕೆಲಸ, ಉಳಿದ ಹೊತ್ತು ವಿಶ್ರಾಂತಿ. ಒಂದು ಸೆಲ್ಲಿಗೆ ಬೆಲ್ಲು ಹೊಡೆಯುವುದಿಲ್ಲ. ಬೇಡ! ಕೂಗುವುದು ಬೇಡ, ಕೇಳೋಣ. ಸಾಲೆಯ ದಿಕ್ಸೂಚಿಯನ್ನು ಹೆಡ್ ಮಾಸ್ತರರನ್ನು ಕೇಳಿ ತಂದೆ. ಮಹಿಬೂಬ ಅದರ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ಎಳೆಯನ್ನು ನೂರಾರು ಸುತ್ತು ಸುತ್ತಿದ. ಸುತ್ತುವುದರಲ್ಲಿ ಅವನನ್ನು ಮೀರಿಸಿದವರು ನಮ್ಮ ಸುತ್ತಲಿನ ಮೂರು ಊರುಗಳಲ್ಲಿ ಇರಲಿಲ್ಲ. ಆ ಕಡೆ ಎರಡು ಬಟನ್ನು, ಸೆಲ್ಲಿಗೆ ಒಂದಕ್ಕೊಂದು ತಿರುಗುಮುರುಗಾಗಿ ಜೋಡಿಸಿದ್ದು. ಕೆಂಪು ದಾರ ಸುತ್ತಿದ್ದನ್ನು ಒತ್ತಿದರೆ ಇಲ್ಲಿ ಮುಳ್ಳು ಎಡಕ್ಕೆ: ಬರ್ರಿ. ಬಿಳಿ ದಾರದ್ದನ್ನು ಒತ್ತಿದರೆ ಬಲಕ್ಕೆ: ಎಲ್ಲಾ ಚೆಂದ ಅದ.

ಸರಿ, ಆದರೆ ಮುಳ್ಳಿಗೆ ಸದ್ದಿಲ್ಲವಲ್ಲ, ದಿನವಿಡೀ ಅದನ್ನು ನೋಡುತ್ತ ಕೂರುವವರು ಯಾರು? ಇದನ್ನು ಯೋಚಿಸುತ್ತ ನಾನು ಪಡಸಾಲೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಅಲ್ಲಿ ಅತ್ತೆಯೂ ಓಣಿಯ ನಾಲ್ಕು ಹೆಂಗಸರೂ ಕೌದಿ ಹೊಲಿಯುತ್ತಿದ್ದರು. ಅತ್ತೆ ಸೂಜಿಗೆ ದಾರ ಪೋಣಿಸುತ್ತ, ದಿನಾ ಮುಂಜಾನೆಯಿಂದ ಸಂಜೆಯ ತನಕ ನಾವು ಸೂಜಿಯನ್ನೇ ನೋಡುವವರು, ಇನ್ನೊಂದು ಸೂಜಿ ನೋಡುವುದು ಏನು ಭಾರ, ಇಲ್ಲೇ ಇಡು ಎಂದರು. ಅಲ್ಲಿಗೆ ಮುಗಿಯಿತು. ಕೌದಿಯ ನಟ್ಟನಡುವೆ ಮಣೆ, ಮಣೆಯ ಮೇಲೆ ದಿಕ್ಸೂಚಿ. ಒಬ್ಬರ ನಂತರ ಒಬ್ಬರ ಪಾಳಿ. ಪಾಳಿಯವಳು ಹೊಲಿಯುವಂತಿಲ್ಲ, ಮಾತಾಡಬಹುದು, ಕಣ್ಣು ಮಾತ್ರ ಎತ್ತುವಂತಿಲ್ಲ. ಅತ್ತೆ ತಾರಿನ ಬಾಬುವಿಗಿಂತ ಕಟ್ಟುನಿಟ್ಟು.

ಮುಳ್ಳು ಮೊದಲ ಸಲ ಬಲಕ್ಕೆ ಹೊರಳಿದಾಗ ಆ ಹೆಂಗಸರ ಮುಖ ನೋಡಬೇಕಿತ್ತು ನೀವು! ಹಡಗಿನವರು, ರಾಣಿ, ಪಟಾಕಿ ಎಲ್ಲ ನಮ್ಮ ಪಡಸಾಲೆಗೇ ಬಂದಂತಾಯಿತು. ರಬಿಯಾ ತಾಸಿಗೊಮ್ಮೆ ಬಿಳಿ ಬಟನ್ನು ಒತ್ತುವುದೆಂದು ಮಾತಾಗಿತ್ತು. ಬರಬರುತ್ತ ಒಂದು ಒತ್ತಿದರೆ ಚೆಂದ, ಎರಡು ಒತ್ತಿದರೆ ಊಟ ಆಯಿತು, ಮೂರು ಒತ್ತಿದರೆ ಎಮ್ಮೆ ಒದೆಯಿತು ಎಂದು ತಮ್ಮತಮ್ಮಲ್ಲೇ ಅರ್ಥ ಕಟ್ಟಿಕೊಂಡರು. ವಾರದೊಳಗೆ ಇವರು ಅವಳ ಒತ್ತಿನ ಉದ್ದ ನೋಡಿ, ಇವತ್ತು ಹುಡುಗಿಗೆ ಬೇಸರ ಅದ, ಇವತ್ತು ನಿದ್ದಿ ಬಂದದ ಎಂದು ಹೇಳುವ ಮಟ್ಟಕ್ಕೆ ಬಂದರು. ತಾರು ಹೊಡೆಯುವ ಕೈ ಯಾರದೆಂದು ಸದ್ದಿನಲ್ಲೇ ಗುರುತು ಹಿಡಿಯಲು ದೊಡ್ಡಪ್ಪನಂಥವರಿಗೆ ವರ್ಷಗಳೇ ಬೇಕಾಗುತ್ತಿದ್ದವು.

ಒಂಬತ್ತನೆಯ ತಿಂಗಳು ಬಿದ್ದಿತು. ಭೀಮಣ್ಣ ಶಹಾಪುರಕ್ಕೆ ಹೋಗುವುದನ್ನು ನಿಲ್ಲಿಸಿ ಊರ ಸುತ್ತಲೇ ಜೀಪು ಓಡಿಸುತ್ತಿದ್ದ. ಒಂದು ಸೋಮವಾರ ನಾನು ಒಂಬತ್ತನೆಯ ತರಗತಿಗೆ ಪಾಠ ಮಾಡುತ್ತಿದ್ದೆ, ಅತ್ತೆ ಬಾಗಿಲಿನಲ್ಲಿ ಬಂದು ನಿಂತರು. ಕೈಯಲ್ಲಿ ಇನ್ನೂ ಸೂಜಿ ದಾರ. ಸಾಲೆಯ ಮೆಟ್ಟಿಲು ಅವರು ತುಳಿದದ್ದು ಅದೇ ಮೊದಲು. "ಎಡಕ್ಕ ಹೋಗ್ಯಾದ" ಎಂದರು, ಅಷ್ಟೇ. ನನ್ನನ್ನು ಕರೆಯುವ ಮೊದಲೇ ಜೀಪನ್ನೂ ಮಹಿಬೂಬನನ್ನೂ ಓಡಿಸಿ ಬಂದಿದ್ದರು. ನಾನು ಓಡಿ ಮನೆಗೆ ಬಂದಾಗಲೂ ಮುಳ್ಳು ಎಡಕ್ಕೆ ಹೋಗುತ್ತಿತ್ತು, ಬರುತ್ತಿತ್ತು, ಮತ್ತೆ ಹೋಗುತ್ತಿತ್ತು. ಆ ಹುಡುಗಿ ಒತ್ತುತ್ತಲೇ ಇದ್ದಳು. ಕೇಳಿಸಿದೆ ಎಂದು ತಿಳಿಸಲು ನಮ್ಮ ಕಡೆ ಬಟನ್ನೇ ಇಟ್ಟಿರಲಿಲ್ಲವಲ್ಲ ಎಂದು ನನಗೆ ಆಗ ಹೊಳೆಯಿತು. ಸ್ವಲ್ಪ ಹೊತ್ತಿಗೆ ಮುಳ್ಳು ನಿಂತಿತು. ಜೀಪು ತಲುಪಿರಬೇಕು ಎಂದುಕೊಂಡೆವು. ಬೇರೆ ಏನಾದರೂ ಆಗಿರಬಹುದು ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಆಮೇಲೆ ಕಾಯುವುದು. ಆ ದಡದಿಂದಲೇ ಶಹಾಪುರಕ್ಕೆ ರಸ್ತೆ. ಸುದ್ದಿ ಹೇಳುವವರು ಅಲ್ಲಿಂದ ಬಂದು ಸೇತುವೆ ಸುತ್ತಿಯೇ ನಮ್ಮಲ್ಲಿಗೆ ಬರಬೇಕು. ಹನ್ನೆರಡಾಯಿತು, ಎರಡಾಯಿತು. ರಬಿಯಾಳ ಮನೆಗೆ ಬೀಗ, ಮುಳ್ಳನ್ನು ನೋಡುವುದರಲ್ಲಿ ಅರ್ಥವೇ ಇಲ್ಲ. ಆದರೂ ಪಾಳಿ ಬಿಡಲಿಲ್ಲ. ಯಾರೂ ಹೊಲಿಯಲಿಲ್ಲ. ಐದು ಜನ ಹೆಂಗಸರು ಮಣೆಯ ಸುತ್ತ ಸುಮ್ಮನೆ ಕೂತಿದ್ದರು. ನಾನು ಒಳಗೆ ಹೊರಗೆ ಅಲೆದು ಅಲೆದು ಬೈಸಿಕೊಂಡೆ.

ನಾಲ್ಕು ದಾಟಿರಬೇಕು, ಮುಳ್ಳು ಅಲುಗಿತು.

ಬೀಗ ಹಾಕಿದ ಮನೆಯಿಂದ! ಮುಳ್ಳು ಒಂದು ಕ್ಷಣ ನಡುಗಿತು. ಎಡಕ್ಕೋ ಬಲಕ್ಕೋ ತಿಳಿಯದಂತೆ ನಡುಗಿತು. ಆಮೇಲೆ ಬಲಕ್ಕೆ ಹೊರಳಿ ಅಲ್ಲೇ ನಿಂತುಬಿಟ್ಟಿತು. ನಾವು ಅದು ಮರಳುವುದನ್ನು ಕಾದೆವು. ಮರಳಲಿಲ್ಲ. ಇದು ರಬಿಯಾಳ ಕೈಯಲ್ಲ. ಅವಳು ಒತ್ತಿ ಬಿಡುವವಳು. ಬಟ್ಟೆಬರೆ ಒಯ್ಯಲು ಮನೆಗೆ ಬಂದ ಮಹಿಬೂಬ, ಸೇತುವೆ ಸುತ್ತಿ ಬರುವಷ್ಟು ತಾಳ್ಮೆಯಿಲ್ಲದೆ, ಬಿಳಿ ಬಟನ್ನಿನ ಮೇಲೆ ಬೆರಳಿಟ್ಟು ಎತ್ತುವುದನ್ನೇ ಮರೆತಿದ್ದಾನೆ. ಗಂಡೋ ಹೆಣ್ಣೋ ಹೇಳಲು ನಮ್ಮಲ್ಲಿ ಬಟನ್ನಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ತಾಯಿಯೂ ಇದ್ದಾಳೆ, ಕೂಸೂ ಇದೆ. ಒಂದು ನಿಮಿಷವಾಯಿತು, ಎರಡಾಯಿತು, ಮುಳ್ಳು ಬಲಕ್ಕೇ ಇತ್ತು. ನನ್ನ ಕಣ್ಣಲ್ಲಿ ನೀರು ತುಂಬಿ ಮುಳ್ಳು ಎರಡೆರಡಾಗಿ ಕಾಣತೊಡಗಿತು.

ಅತ್ತೆ ಮಣೆಯ ಮೇಲೆ ಬಗ್ಗಿದರು. ದಿಕ್ಸೂಚಿಯ ಗಾಜಿಗೆ ಬಾಯಿ ಹತ್ತಿರ ತಂದು, ನೀರಿನಾಚೆ ಕೂತವನಿಗೆ ಕೇಳಿಸುವ ಹಾಗೆ ಮೆಲ್ಲಗೆ ಹೇಳಿದರು: "ಕೇಳಿಸ್ತಪ್ಪಾ ಮಹಿಬೂಬ, ಕೇಳಿಸ್ತು. ಇನ್ನ ಬಟ್ಟು ಎತ್ತು."